ಜ್ವರ ನೋಡಲು ಬಂದ ಕೈ

ಗಂಡಸರು ಸುಳ್ಳು ಹೇಳುತ್ತಾರೆ ಎನ್ನುವುದು ನನಗೆ ಹೊಸ ವಿಷಯವೇನಲ್ಲ. "ಇಗೋ ಬಂದೆ" ಎಂದು ಹೊರಟವರು ಅನ್ನ ಆರಿ ತಣ್ಣಗಾದ ಮೇಲೆ ಬರುತ್ತಾರೆ. "ನಾನು ಮುಟ್ಟೇ ಇಲ್ಲ" ಎನ್ನುವವರ ಮೀಸೆಯಲ್ಲಿ ಸಕ್ಕರೆ ಕೂತಿರುತ್ತದೆ. ಇಂಥ ಚಿಲ್ಲರೆ ಸುಳ್ಳುಗಳನ್ನೆಲ್ಲ ನಾನು ಕಂಡೂ ಕಾಣದ ಹಾಗೆ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆದರೆ ಸತ್ತವರ ಬಾಯಲ್ಲಿ ಸುಳ್ಳು ಹೇಳಿಸುವ ಗಂಡಸನ್ನು ಏನು ಮಾಡಬೇಕು, ನೀವೇ ಹೇಳಿ. ಅದೂ ಒಂದು ದಿನ ಎರಡು ದಿನವಲ್ಲ. ಮೂವತ್ತೆಂಟು ವರ್ಷ!

ಮೊದಲಿನಿಂದ ಹೇಳುತ್ತೇನೆ. ನಮ್ಮ ಯಜಮಾನರು ಪುಸ್ತಕಗಳಿಗೆ ಬೈಂಡ್ ಹಾಕುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಳೆಯ ಅಂಚು ಕತ್ತರಿಸುವುದು, ರಟ್ಟು ಕೂರಿಸುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು ಅವರ ಕೆಲಸ. ಹಾಳೆ ಮಡಚುವುದು, ದಬ್ಬಳದಲ್ಲಿ ತೂತು ಹಾಕುವುದು, ಮೇಣ ಸವರಿದ ದಾರದಲ್ಲಿ ಹೊಲಿಯುವುದು, ಮೈದಾ ಹಿಟ್ಟಿಗೆ ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ ಅಂಟು ಕುದಿಸುವುದು ನನ್ನ ಕೆಲಸ. (ಹೊರಗಿನ ಬೋರ್ಡಿನಲ್ಲಿ ಮಾತ್ರ ಅವರೊಬ್ಬರದೇ ಹೆಸರು. ಅದು ಬೇರೆಯೇ ಮೊಕದ್ದಮೆ.)

ನಮ್ಮ ಮದುವೆಯಾದ ವರ್ಷ ಯಾರೋ ಒಬ್ಬ ಗಿರಾಕಿ ಎರಡು ಗೋಣಿಚೀಲದ ತುಂಬ ಹಳೆಯ ಚಿತ್ರಕಥೆ ಪುಸ್ತಕಗಳನ್ನು ತಂದು ಸುರಿದ. ಒಂದೊಂದೂ ತೆಳ್ಳಗೆ, ಒಂದೊಂದರಲ್ಲೂ ನಾಲ್ಕೈದು ಕಥೆ, ಎಲ್ಲವೂ ದೆವ್ವದ ಕಥೆ. ಕಾಗದ ಆಗಲೇ ಹಳದಿಯಾಗಿ ಹಳೇ ಬಿಸ್ಕತ್ತಿನ ವಾಸನೆ ಹೊಡೆಯುತ್ತಿತ್ತು. "ಹನ್ನೆರಡು ಹನ್ನೆರಡು ಸೇರಿಸಿ ಗಟ್ಟಿ ಬೈಂಡ್ ಹಾಕಿಡಿ, ಬಂದು ಒಯ್ತೀನಿ" ಎಂದು ಹೋದವನು ಇವತ್ತಿಗೂ ಬಂದಿಲ್ಲ. ನಾನೇ ಹೊಲಿದೆ, ಅವರೇ ಕಪ್ಪು ಬಟ್ಟೆ ಹೊದಿಸಿದರು. ಹತ್ತೊಂಬತ್ತು ಸಂಪುಟವಾಯಿತು. ಬಟ್ಟೆಬರೆ ಇಡಬೇಕಾದ ಅಲಮಾರಿಯ ಎರಡು ಖಾನೆಯನ್ನು ಹೆಣಗಳು ಆಕ್ರಮಿಸಿದವು. ನನ್ನ ಬಟ್ಟೆಗಳು ಮಂಚದ ಕೆಳಗಿನ ರಟ್ಟಿನ ಡಬ್ಬಿಗೆ ವನವಾಸ ಹೋದವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ನಾನು ಹೊಲಿಗೆಗೆ ಕೂರುವುದು. ಅವರು ಎದುರಿಗೆ ಮುಕ್ಕಾಲಿಯ ಮೇಲೆ ಕೂತು ಒಂದು ಕಥೆ ಓದುವುದು. ಕೈ ದಾರಕ್ಕೆ, ಕಿವಿ ದೆವ್ವಕ್ಕೆ. ನನಗೆ ಓದು ಬರುವುದೇ ಇಲ್ಲ ಅಂತಲ್ಲ. ಮೂರು ತರಗತಿ ಕಲಿತಿದ್ದೇನೆ. ಬಸ್ಸಿನ ಬೋರ್ಡು, ಮಾತ್ರೆಯ ಪೊಟ್ಟಣ, ಅಂಗಡಿಯವನ ಚೀಟಿ ಎಲ್ಲ ಕೂಡಿಸಿಕೊಂಡು ಓದುತ್ತೇನೆ. ಆದರೆ ಆ ಪುಸ್ತಕಗಳಲ್ಲಿ ಮಾತೆಲ್ಲ ಜನರ ಬಾಯಿಂದ ಹೊರಟ ಗುಳ್ಳೆಯೊಳಗೆ ಇರುವೆ ಮುತ್ತಿದ ಹಾಗೆ ಇರುತ್ತದೆ. ಕಟ್ಟಿಕೊಂಡ ಗಂಡ ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿರುವಾಗ ಇರುವೆ ಎಣಿಸುವ ಕಷ್ಟ ಯಾಕೆ ಎಂದು ಸುಮ್ಮನಿದ್ದೆ. ಅಲ್ಲಿಯೇ ಎಡವಿದ್ದು.

ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯವು. ಮೊದಲ ಪುಟದಲ್ಲಿ ಕ್ಷೌರದಂಗಡಿಯೊಳಗೆ ನಿಂತ ಅಸ್ಥಿಪಂಜರವೊಂದು ಕತ್ತಿ ಮಸೆಯುತ್ತ, "ಬನ್ನಿ, ಕುರ್ಚಿಯಲ್ಲಿ ಕೂರಿ, ಗಡ್ಡ ಮುಗಿಯುವುದರೊಳಗೆ ಒಂದು ಕಥೆ ಹೇಳುತ್ತೇನೆ" ಎಂದು ಕರೆಯುತ್ತದೆ. ಎರಡನೇ ಪುಟದಲ್ಲಿ ಒಬ್ಬ ದುಷ್ಟ. ಮೂರನೆಯದರಲ್ಲಿ ಅವನು ಒಬ್ಬರನ್ನು ಕೊಲ್ಲುತ್ತಾನೆ. ಹತ್ತರಲ್ಲಿ ಎಂಟು ಸಲ ಸಾಯುವವಳು ಅವನ ಹೆಂಡತಿಯೇ. ಬಾವಿ, ಗೋಡೆ, ಗರಗಸ, ಒಲೆ, ಮನೆಯಲ್ಲಿರುವ ಯಾವ ಅನುಕೂಲವನ್ನೂ ಆ ಗಂಡಂದಿರು ವ್ಯರ್ಥ ಮಾಡಿಲ್ಲ. ಐದನೇ ಪುಟದಲ್ಲಿ ಸತ್ತವಳು ಎದ್ದು ಹೊರಡುತ್ತಾಳೆ. ಇಲ್ಲಿಯ ತನಕ ನಮ್ಮ ಯಜಮಾನರು ಅಚ್ಚಿನಲ್ಲಿದ್ದುದನ್ನೇ ಓದುತ್ತಿದ್ದರು. ಪಾಪ, ಅಷ್ಟರಮಟ್ಟಿಗೆ ಪ್ರಾಮಾಣಿಕರು.

ಕೊನೆಯ ಪುಟ ಬಂತೋ, ಅವರ ಕಸುಬು ಶುರು.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಡಾಕ್ಟರು ಹೆಂಡತಿಯನ್ನು ಕೊಂದು, ಉಂಗುರದ ಆಸೆಗೆ ಕೈಯನ್ನು ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾನೆ. ಆ ಕೈ ಒಂದು ದಿನ ಪೆಟ್ಟಿಗೆಯಿಂದ ಇಳಿದು, ಏಡಿಯ ಹಾಗೆ ಐದು ಬೆರಳಿನ ಮೇಲೆ ನಡೆಯುತ್ತ, ಮೆಟ್ಟಿಲು ಹತ್ತಿ, ಅವನು ಮಲಗಿದ್ದ ಮಂಚವೇರುತ್ತದೆ. ನಾನು ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದೆ, "ಆಮೇಲೆ ಏನಾಯ್ತುರೀ?"

"ಆಮೇಲೇನು, ತಲೆ ಒತ್ತಿತು."

"ತಲೆ ಒತ್ತಿತಾ?"

"ಹೂಂ. ಪಾಪ, ದಿನವಿಡೀ ರೋಗಿಗಳನ್ನ ನೋಡಿ ತಲೆನೋವು ಬಂದಿತ್ತಲ್ಲ ಅವನಿಗೆ. ಎಷ್ಟಾದರೂ ಹೆಂಡತಿ ಕೈ ನೋಡು."

ನಾನೇನು ಪೂರ್ತಿ ಪೆದ್ದಿಯಲ್ಲ. ಬಗ್ಗಿ ಚಿತ್ರ ನೋಡಿದೆ. "ಕೈ ಕುತ್ತಿಗೆ ಮೇಲಿದೆಯಲ್ರೀ!"

"ಜ್ವರ ಇದೆಯೇನೋ ಅಂತ ನೋಡ್ತಿದೆ ಕಣೇ. ನೀನು ನನಗೆ ನೋಡಲ್ವಾ, ಕುತ್ತಿಗೆ ಮುಟ್ಟಿ?"

"ನಾಲಿಗೆ ಯಾಕೆ ಹೊರಗೆ ಬಂದಿದೆ?"

"ಜ್ವರ ಬಂದಾಗ ನಾಲಿಗೆ ತೋರಿಸು ಅಂತಾರಲ್ಲ. ಅವನೇ ಡಾಕ್ಟರು, ಯಾರೂ ಹೇಳೋದೇ ಬೇಡ, ತಾನೇ ಚಾಚಿದಾನೆ."

"ಕಣ್ಣು?"

"ಸಂತೋಷಕ್ಕೆ."

ನಂಬಿದೆ. ನಂಬಿದ್ದಷ್ಟೇ ಅಲ್ಲ, ಆ ದಿನ ಸೂಜಿ ಪಕ್ಕಕ್ಕಿಟ್ಟು ಒಂದು ಗಂಟೆ ಇವರ ತಲೆ ಒತ್ತಿದೆ. ಕತ್ತರಿಸಿದ ಕೈಯೇ ಅಷ್ಟು ಮಾಡಿರುವಾಗ, ಮೈಗೆ ಅಂಟಿಕೊಂಡಿರುವ ಎರಡು ಕೈ ಇಟ್ಟುಕೊಂಡು ನಾನು ಸುಮ್ಮನಿರುವುದು ಸರಿಯಲ್ಲ ಅನಿಸಿತ್ತು.

ಬಾವಿಯ ಕಥೆಯೂ ಹಾಗೆಯೇ. ಗಂಡ ಬಾವಿಗೆ ತಳ್ಳಿದ ಹೆಂಗಸು ನೀರು ಸುರಿಸುತ್ತ ಮೇಲೆ ಬಂದು ಅವನ ಎರಡೂ ಕಾಲು ಹಿಡಿದಿದ್ದಾಳೆ. ಚಿತ್ರ ಸ್ಪಷ್ಟವಾಗಿದೆ. ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದಾಳೆ ಎಂದರು ಇವರು. "ತಳ್ಳಿದವನು ಅವನು, ಇವಳ್ಯಾಕೆ ಕ್ಷಮೆ ಕೇಳಬೇಕು?" ಎಂದೆ. "ಕುಡಿಯೋ ನೀರು ಕದಡಿದಳಲ್ಲ" ಎಂದರು.

ನೋಡಿ, ಸುಳ್ಳಿಗೂ ಒಂದು ಮಾನ ಮರ್ಯಾದೆ ಇರುತ್ತದೆ. ಅದೂ ಇರಲಿಲ್ಲ ಇವರಿಗೆ. ಒಮ್ಮೆ ನನ್ನನ್ನು ಬಸ್ ನಿಲ್ದಾಣದಲ್ಲಿ ಕೂರಿಸಿ, ರಟ್ಟು ತರುತ್ತೇನೆಂದು ಹೋದವರು ರಟ್ಟು ಹೊತ್ತುಕೊಂಡು ನೇರ ಮನೆಗೆ ಬಂದುಬಿಟ್ಟಿದ್ದರು. ನಾನು ನಾಲ್ಕು ಗಂಟೆ ಅಲ್ಲಿಯೇ. ಮಾರನೆಯ ಮಧ್ಯಾಹ್ನ ಓದಿದ ಕಥೆಯಲ್ಲಿ ಹಿಮದಲ್ಲಿ ಬಿಟ್ಟುಹೋದ ಹೆಂಡತಿಯ ಪ್ರೇತ ಬಂದು ಏನೆಂದಿತು ಗೊತ್ತೆ? "ನನ್ನ ಗಂಡನಿಗೆ ಮರೆವು ಜಾಸ್ತಿ, ಮನಸ್ಸು ಮಾತ್ರ ಚಿನ್ನ." ಎಲ್ಲಿಯದೋ ಹಿಮದ ಪ್ರೇತಕ್ಕೆ ನಮ್ಮ ಯಜಮಾನರ ಸ್ವಭಾವ ಹೇಗೆ ಗೊತ್ತಾಯಿತು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಕಣ್ಣೊರೆಸಿಕೊಂಡು ಅವರಿಗೆ ಚಹಾ ಮಾಡಿಕೊಟ್ಟೆ.

ಇದು ನನ್ನೊಬ್ಬಳ ಮಟ್ಟಿಗೆ ಮುಗಿದಿದ್ದರೆ ಹೋಗಲಿ ಎನ್ನಬಹುದಿತ್ತು. ಪಕ್ಕದ ಮನೆಯ ಟೈಲರಮ್ಮ ಕೈಹೊಲಿಗೆಯ ಬಟ್ಟೆ ಹಿಡಿದುಕೊಂಡು, ಕಿವಿ ಮಂದವಾದ ಅತ್ತೆಯನ್ನೂ ಕರೆದುಕೊಂಡು ಕಥೆ ಕೇಳಲು ಬರುತ್ತಾಳೆ. ಅವಳ ಗಂಡನಿಗೊಂದು ಕೆಟ್ಟ ಚಾಳಿ. ಬಟ್ಟೆ ಕತ್ತರಿಸಲೆಂದು ಅವಳು ಜೋಪಾನ ಮಾಡಿದ ದೊಡ್ಡ ಕತ್ತರಿಯಲ್ಲಿ ಅವನು ತಂತಿ ಕತ್ತರಿಸುತ್ತಾನೆ. ಕತ್ತರಿ ಮೊಂಡಾದಾಗಲೆಲ್ಲ ಅವಳು ಅದನ್ನೇ ಎತ್ತಿಕೊಂಡು ನಮ್ಮ ಮನೆಗೆ ಓಡಿ ಬಂದು, "ಅಕ್ಕಾ, ಇವತ್ತು ಇತ್ಯರ್ಥ ಆಗಲೇಬೇಕು" ಎನ್ನುತ್ತಿದ್ದಳು. ನಾನು ಪ್ರತಿ ಸಲವೂ ಕೂರಿಸಿ ನೀರು ಕೊಟ್ಟು ಹೇಳುತ್ತಿದ್ದೆ, "ನೋಡಮ್ಮಾ, ಸತ್ತು ಮಣ್ಣಾದವರೇ ಗಂಡನ್ನ ಕ್ಷಮಿಸಿದಾರೆ. ನೀನು ಇನ್ನೂ ಬದುಕಿದೀಯಾ. ಸಹಿಸ್ಕೋ." ಅವಳ ಅತ್ತೆ ಮಾತ್ರ ಪ್ರತಿ ಕಥೆಯ ಕೊನೆಗೆ, "ಸತ್ತನಾ?" ಎಂದು ಕೇಳುತ್ತಿದ್ದರು. "ಇಲ್ಲ ಅಜ್ಜೀ, ಕ್ಷಮಿಸಿದಳಂತೆ!" ಎಂದು ಕೂಗಿ ಹೇಳಿದರೆ, "ಯಾಕೆ?" ಎನ್ನುತ್ತಿದ್ದರು. ನಮ್ಮೆಲ್ಲರಲ್ಲಿ ತಲೆ ನೆಟ್ಟಗಿದ್ದದ್ದು ಅವರೊಬ್ಬರಿಗೇ ಎಂದು ಈಗ ಅರ್ಥವಾಗುತ್ತಿದೆ.

ಸರಿ. ಹೋದ ತಿಂಗಳು ಇವರ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣಿನ ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಸದ್ಯಕ್ಕೆ ಓದುವ ಹಾಗಿಲ್ಲ ಎಂದರು. ಎರಡು ಗಂಟೆ ಹೊಡೆಯಿತು, ನಾನು ದಾರ ಕೈಗೆತ್ತಿಕೊಂಡೆ, ಟೈಲರಮ್ಮ ಬಂದಳು, ಅವಳ ಅತ್ತೆಯೂ ಬಂದರು. ಓದುವವರಿಲ್ಲ. ಆಗ ನಮ್ಮ ಸೊಸೆ, "ನಾನು ಓದ್ತೀನಿ ಬಿಡಿ ಅತ್ತೆ" ಎಂದಳು. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುವವಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಯಲ್ಲಿರುತ್ತಾಳೆ.

"ಬೇಡ ಬೇಡ, ಪಾಪ ಅವಳಿಗೆ ಗಂಟಲು ನೋವು" ಎಂದರು ಯಜಮಾನರು ಮಂಚದಿಂದ.

"ಇಲ್ವಲ್ಲ ಮಾವ!"

"ಬರುತ್ತೆ ಬರುತ್ತೆ" ಎಂದರು.

ಸೊಸೆ ಡಾಕ್ಟರ ಕೈಯ ಕಥೆಯನ್ನೇ ತೆಗೆದಳು. ಅವಳ ಓದು ಒಂದು ಚೆಂದ. ಏರಿಲ್ಲ, ಇಳಿವಿಲ್ಲ, ಸ್ಪಷ್ಟ. "ಕೈ ಈಗ ಮೆಟ್ಟಿಲುಗಳನ್ನು ಏರುತ್ತಿದೆ. ಕೈ ಈಗ ಮಲಗುವ ಕೋಣೆಯನ್ನು ತಲುಪಿದೆ" ಎಂದು ಅವಳು ಓದಿದಾಗ ನಾವೆಲ್ಲ ಚೀಲ ಎತ್ತಿಕೊಂಡು ಬಸ್ಸು ಹತ್ತುವುದೊಂದು ಬಾಕಿ. ಅದೇ ದನಿಯಲ್ಲಿ ಮುಂದುವರಿಸಿದಳು: "ನನ್ನ ಉಂಗುರ ಎಲ್ಲಿ ಎಂದು ಕೇಳುತ್ತ ಕೈ ಅವನ ಕುತ್ತಿಗೆಯನ್ನು ಹಿಸುಕಿತು. ಅವನ ನಾಲಿಗೆ ಹೊರಚಾಚಿತು. ಕಣ್ಣುಗುಡ್ಡೆಗಳು ಕಿತ್ತು ಬಂದವು. ಪಾಪಿ ಸತ್ತ. ಮುಕ್ತಾಯ."

ನನ್ನ ಸೂಜಿ ಬೆರಳಿಗೆ ಚುಚ್ಚಿತು. "ಜ್ವರ?" ಎಂದೆ.

"ಯಾವ ಜ್ವರ ಅತ್ತೆ?"

"ಅವನಿಗೆ ಜ್ವರ ಇತ್ತಲ್ಲ. ತಲೆ ಒತ್ತೋದು ಎಲ್ಲಿ ಹೋಯ್ತು? ಎರಡು ಹಾಳೆ ಒಟ್ಟಿಗೆ ಮಗುಚಿದೀಯೇನೋ ನೋಡು."

"ಇಷ್ಟೇ ಅತ್ತೆ ಇರೋದು."

ಮಂಚದ ಮೇಲೆ ಭಯಂಕರ ಕೆಮ್ಮು ಎದ್ದಿತು. ಕೆಮ್ಮಿನ ನಡುವೆ ಒಂದು ಮಾತು ತೂರಿಬಂತು: "ಅಚ್ಚಿನ ತಪ್ಪಿರಬೇಕು."

ಅಷ್ಟಕ್ಕೆ ಬಿಡುವವಳೇ ನಾನು? ನಾಲ್ಕು ಮಧ್ಯಾಹ್ನ ಕೂರಿಸಿಕೊಂಡು ಹತ್ತೊಂಬತ್ತು ಸಂಪುಟದ ಕೊನೆಯ ಪುಟಗಳನ್ನಷ್ಟೇ ಸೊಸೆಯಿಂದ ಓದಿಸಿದೆ. ಒಬ್ಬಳು, ಒಬ್ಬಳೇ ಒಬ್ಬಳು ಹೆಂಗಸು ಕ್ಷಮಿಸಿದ್ದರೆ ಕೇಳಿ! ಬಾವಿಯವಳು ಕಾಲು ಹಿಡಿದದ್ದು ಒಳಕ್ಕೆ ಎಳೆದುಕೊಳ್ಳಲು. ಹಿಮದವಳು ಚಿನ್ನ ಬೆಳ್ಳಿ ಎಂದೇನೂ ಅನ್ನದೆ ಗಂಡನನ್ನು ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ ಹೋಗಿದ್ದಳು. ಹದಿನೇಳನೇ ಸಂಪುಟದಲ್ಲಿ ಸತ್ತ ಗಿಣಿಯೊಂದು ಯಜಮಾನನ ಕಿವಿ ಕಡಿದುಕೊಂಡು ಹೋಗಿತ್ತು. ಇವರ ಓದಿನಲ್ಲಿ ಅದು ಕಿವಿಯಲ್ಲಿ ಗುಟ್ಟು ಹೇಳಿತ್ತು!

ಟೈಲರಮ್ಮ ಕೈಯಲ್ಲಿದ್ದ ಬಟ್ಟೆ ಎಸೆದು ಎದ್ದು ನಿಂತಳು. "ಅಕ್ಕಾ! ಹದಿನಾಲ್ಕು ವರ್ಷ! ನಿಮ್ಮ ಮಾತು ಕೇಳ್ಕೊಂಡು ಹದಿನಾಲ್ಕು ವರ್ಷ ನಾನು ಅವರಿಗೆ ಒಂದು ಮಾತು ಅಂದಿಲ್ಲ!"

"ನಂಗೇನಮ್ಮ ಗೊತ್ತಿತ್ತು?"

"ಏಳು ಕತ್ತರಿ ಅಕ್ಕಾ! ಏಳು!"

ನನ್ನ ತಲೆ ತಗ್ಗಿತು. ಮೂವತ್ತೆಂಟು ವರ್ಷ ನನ್ನ ಕಿವಿಗೆ ಹೂ ಮುಡಿಸಿದ್ದಲ್ಲದೆ, ಅದೇ ಹೂವನ್ನು ನನ್ನ ಕೈಯಿಂದಲೇ ಬೀದಿಯವರಿಗೂ ಮುಡಿಸಿದ್ದರು ಈ ಮಹಾನುಭಾವರು. ನಾನು ಹೋಗಿ ಮಂಚದ ಮುಂದೆ ನಿಂತೆ.

"ನೋಡಿ, ನಂಗೆ ಬೇರೇನೂ ಬೇಡ. ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು."

"ಡಾಕ್ಟರು ಭಾರ ಎತ್ತಬೇಡಿ ಅಂದಿದಾರೆ" ಎಂದರು.

ಈ ಮನುಷ್ಯ ಆ ಮಾತನ್ನು ಜನ್ಮದಲ್ಲಿ ಆಡಿದವರಲ್ಲ. ಬಸ್ ನಿಲ್ದಾಣದಲ್ಲಿ ಮರೆತಾಗ ಆಡಲಿಲ್ಲ. ನಾನು ಕುದಿಸಿಟ್ಟ ಗಂಜಿಯನ್ನು ಅಂಟೆಂದುಕೊಂಡು ಯಾರದೋ ಪುಸ್ತಕಕ್ಕೆ ಬಳಿದಾಗಲೂ ಆಡಲಿಲ್ಲ. ಈ ಸಲ ಆ ಮಾತು ಅವರ ಬಾಯಿಂದ ಬೀಳದೆ ಬಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ಕಥೆ ನಿಂತಿತು. ಅವರಿಗೆ ಊಟ ಬಡಿಸುವುದು, ಮಾತ್ರೆ ಕೊಡುವುದು, ಕಣ್ಣಿಗೆ ಹನಿ ಹಾಕುವುದು ಬಿಟ್ಟರೆ (ಅದು ಬಿಡಲಾಗುತ್ತದೆಯೇ, ಕಣ್ಣು ಕಾಣದ ಮನುಷ್ಯ) ಮಾತೂ ನಿಂತಿತು. ಒಂದು ವಾರ ಕಳೆಯಿತು. ಅವರು ಕಪ್ಪು ಕನ್ನಡಕ ಹಾಕಿಕೊಂಡು ರಾಜನ ಹಾಗೆ ಕುರ್ಚಿಯಲ್ಲಿ ಕೂತಿದ್ದರು. ನಾನು ದಾರಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮೇಣ ಸವರುತ್ತ ಕೂತಿದ್ದೆ.

ಎಂಟನೇ ದಿನ ಎರಡು ಗಂಟೆಗೆ ನ್ಯಾಯಸ್ಥಾನ ಸೇರಿಸಿದೆ. ಟೈಲರಮ್ಮ, ಅವಳ ಅತ್ತೆ, ಸೊಸೆ. ಆಪಾದಿತರು ಕುರ್ಚಿಯಲ್ಲಿ.

"ಈಗ ಎಲ್ಲರ ಮುಂದೆ ಹೇಳಿ. ಕೊನೆ ಬದಲಾಯಿಸಿದ್ರೋ ಇಲ್ವೋ?"

"ಬದಲಾಯಿಸಿದೆ" ಎಂದರು, ನಿರಾಳವಾಗಿ.

"ಯಾಕೆ ಭಾವಾ?" ಎಂದಳು ಟೈಲರಮ್ಮ.

"ಯಾಕೆ ಅಂತ ಕೇಳ್ತೀಯಲ್ಲಮ್ಮಾ! ನಾನು ಎಲ್ಲಿ ಕೂತಿದ್ದೆ? ಮುಕ್ಕಾಲಿ ಮೇಲೆ, ಬರಿಗೈಲಿ. ನಿಮ್ಮಕ್ಕ ಎಲ್ಲಿ ಕೂತಿದ್ಲು? ಮೂರಡಿ ದೂರದಲ್ಲಿ. ಅವಳ ಕೈಯಲ್ಲಿ ಸೂಜಿ, ಮಡಿಲಲ್ಲಿ ದಬ್ಬಳ, ಬಲಗಡೆ ಕತ್ತರಿ, ಎಡಗಡೆ ರಟ್ಟು ಕೊಯ್ಯೋ ಚೂರಿ. ಅದರ ಮೇಲೆ ನೀನೊಬ್ಬಳು ಕತ್ತರಿ ಹಿಡ್ಕೊಂಡು ಬಂದು ಕೂತೆ. ಅಂಥ ಜಾಗದಲ್ಲಿ 'ಹೆಂಡತಿ ಎದ್ದು ಗಂಡನ್ನ ಮುಗಿಸಿದಳು' ಅಂತ ಓದೋಕೆ ನಂಗೇನು ಹುಚ್ಚಾ?"

ಸೊಸೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಟೈಲರಮ್ಮ, ಇಷ್ಟು ಹೊತ್ತು ನನ್ನ ಪಕ್ಷದಲ್ಲಿದ್ದವಳು, ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

"ನಗ್ತೀಯಾ? ಅವರು ನಮ್ಮಿಬ್ಬರನ್ನೂ ಕೊಲೆಗಾರರು ಅಂತಿದಾರೆ, ನೀನು ನಗ್ತೀಯಾ?"

"ಅಂದಿಲ್ಲ ಕಣೇ" ಎಂದರು ಇವರು. "ನಿನ್ನ ಕೈಲಿ ಅದೆಲ್ಲ ಆಗಲ್ಲ ಅಂತ ಈಗ ಗೊತ್ತಾಗಿದೆ. ಆಗ ಹೊಸತು, ಗೊತ್ತಿರಲಿಲ್ಲ. ಆಮೇಲೆ ಅಭ್ಯಾಸ ಆಗೋಯ್ತು."

ಆಗಲ್ಲ ಅಂದರಲ್ಲ, ಆ ಮಾತು ನಟ್ಟಿತು. "ಯಾರ ಕೈಲಿ ಆಗಲ್ಲ?"

"ನಿನ್ನ ಕೈಲಿ. ಬಾಯಲ್ಲೂ ಆಗಲ್ಲ. ಬೇಕಾದ್ರೆ ಪಂದ್ಯ. ಇವಳು ಒಂದು ಕಥೆ ಓದಲಿ. ಕೊನೇ ಪುಟ ನೀನೇ ಹೇಳು. ಅಚ್ಚಾಗಿರೋದು ಬೇಡ, ನಿನ್ನದೇ ಹೇಳು. ಆ ಹೆಂಗಸಿನ ಕೈಯಲ್ಲಿ ಆ ಗಂಡನ್ನ ನೀನು ಸಾಯಿಸಿಬಿಡು, ನಾನು ಇಷ್ಟೂ ಜನದ ಮುಂದೆ ತಪ್ಪಾಯ್ತು ಅಂತೀನಿ."

"ಮೂರು ಸಲ ಅನ್ನಬೇಕು."

"ಮೂರು ಸಲ."

ಸೊಸೆ ಬ್ರೆಡ್ಡಿನ ಅಂಗಡಿಯವನ ಕಥೆ ತೆಗೆದಳು. ಅವನು ಹೆಂಡತಿಯನ್ನು ಭಟ್ಟಿಯ ಹಿಂದಿನ ಗೋಡೆಯೊಳಗೆ ಇಟ್ಟಿಗೆ ಕಟ್ಟಿ ಮುಚ್ಚುತ್ತಾನೆ. ಯಾಕೆಂದರೆ ಅವಳು ಒಳ್ಳೆಯ ಹಿಟ್ಟು ಕಲಸುತ್ತಾಳೆ, ಹೆಸರು ಅವಳಿಗೆ ಬರುತ್ತದೆ ಎಂಬ ಹೊಟ್ಟೆಕಿಚ್ಚು. (ಬೋರ್ಡಿನ ವಿಷಯ ನನಗೆ ನೆನಪಾಗದೆ ಇರಲಿಲ್ಲ.) ಒಂದು ದಿನ ಇಟ್ಟಿಗೆ ಒಂದೊಂದೇ ಉದುರುತ್ತದೆ. ಹಿಟ್ಟು ಮೆತ್ತಿದ ಹೆಂಗಸು ಹೊರಬರುತ್ತಾಳೆ. ಅವನು ಭಟ್ಟಿಯ ಬಾಯಿಗೆ ಬಗ್ಗಿ ನಿಂತಿದ್ದಾನೆ. ಬೆನ್ನು ಅವಳ ಕಡೆಗಿದೆ. ಸೊಸೆ ನಿಲ್ಲಿಸಿದಳು.

ಇದಕ್ಕಿಂತ ಸುಲಭ ಇನ್ನೇನಿದೆ? ಒಂದು ನೂಕು. ಮಕ್ಕಳೂ ಹೇಳಿಯಾರು. ನಾನು ಸೆರಗು ಬಿಗಿದು ಗಂಟಲು ಸರಿಮಾಡಿಕೊಂಡೆ.

"ಅವಳು ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಹೆಜ್ಜೆ ಇಟ್ಟಳು. ಮೂವತ್ತೆಂಟು ವರ್ಷದ ಸಿಟ್ಟು ಅವಳ ಹೊಟ್ಟೆಯಲ್ಲಿ ಭಟ್ಟಿಗಿಂತ ಜೋರಾಗಿ ಉರೀತಿತ್ತು. ಎರಡೂ ಕೈ ಎತ್ತಿದಳು."

"ಸತ್ತನಾ?" ಎಂದರು ಟೈಲರಮ್ಮನ ಅತ್ತೆ.

"ಇರಿ ಅಜ್ಜೀ, ಈಗ ಸಾಯ್ತಾನೆ! ಅವನಿಗೆ ಹಿಂದೆ ಯಾರೋ ಬಂದ ಹಾಗಾಯ್ತು. ತಿರುಗಿ ನೋಡಿದ. 'ನೀನಾ!' ಅಂದ. 'ನಾನೇ' ಅಂದಳು. ಅವನು ಗಡಗಡ ನಡುಗಿದ. ಅವಳು ಅವನ ಎದೆ ಮೇಲೆ ಕೈ ಇಟ್ಟಳು. ತಳ್ಳಬೇಕು, ಇನ್ನೇನು ತಳ್ಳಿದಳು…"

ಟೈಲರಮ್ಮ ಉಸಿರು ಹಿಡಿದಿದ್ದಳು. ಸೊಸೆ ಬಾಯಿ ತೆರೆದಿದ್ದಳು. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಯಾರೂ ನನ್ನ ಮಾತನ್ನು ಹೀಗೆ ಕೇಳಿರಲಿಲ್ಲ. ನಾನು ಆ ಗೆಲುವಿನಲ್ಲಿ ನಮ್ಮ ಯಜಮಾನರ ಮುಖ ಹೇಗಿದೆ ನೋಡೋಣ ಎಂದು ತಿರುಗಿದೆ. ತಿರುಗಬಾರದಿತ್ತು.

ಕಪ್ಪು ಕನ್ನಡಕದ ಕೆಳಗಿಂದ ಎಡಗೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುತ್ತಲೂ ಇರಲಿಲ್ಲ. ಕಣ್ಣು ಮುಟ್ಟಬೇಡಿ ಎಂದು ನಾನೇ ಗದರಿಸಿ ಇಟ್ಟಿದ್ದೆನಲ್ಲ. ಕೈ ಕಟ್ಟಿಕೊಂಡು, ತನ್ನನ್ನು ಭಟ್ಟಿಗೆ ಹಾಕುವುದನ್ನೇ ಕಾಯುತ್ತ ಕೂತಿದ್ದರು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ತಳ್ಳಿದಳು, ಆಮೇಲೆ?" ಎಂದಳು ಟೈಲರಮ್ಮ.

"ತಳ್ಳಿದಳು… ತಳ್ಳೋಕೆ ಹೋದಳು… ಅವನ ಮುಖ ನೋಡಿದಳು… ಅಯ್ಯೋ, ಎರಡು ಗಂಟೆಗೆ ಕಣ್ಣಿಗೆ ಹನಿ ಹಾಕಬೇಕಿತ್ತಲ್ರೀ! ಒಂದೂವರೆ ಗಂಟೆ ಆಗೋಯ್ತಲ್ಲ! ಹೇಳಬಾರದಾ ನೀವು? ಈ ಹಾಳು ಕಥೆ ಹುಚ್ಚಲ್ಲಿ ಮರೆತೇಬಿಟ್ಟೆ, ತಪ್ಪಾಯ್ತು ಕಣ್ರೀ, ತಪ್ಪಾಯ್ತು, ತಪ್ಪಾಯ್ತು!"

ಆಡಿದ ಮಾತು ನನ್ನ ಕಿವಿಗೇ ಕೇಳಿದ್ದು ಆಮೇಲೆ. ಸೊಸೆ ಬೆರಳು ಮಡಚಿ ಎಣಿಸಿದಳು. "ಸರಿಯಾಗಿ ಮೂರು ಸಲ, ಅತ್ತೆ."

ಟೈಲರಮ್ಮ ಬಟ್ಟೆ ಮಡಚಿ ಬಗಲಿಗೆ ಸೇರಿಸಿಕೊಂಡು, "ನಿಮ್ಮನ್ನ ನಂಬ್ಕೊಂಡು ಕೂತಿದ್ದೆ ಅಕ್ಕಾ" ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಹೊರಟೇಹೋದಳು. ನಾನು ಹನಿಯ ಸೀಸೆ ತಂದು, ಕನ್ನಡಕ ತೆಗೆದು, ಇವರ ತಲೆಯನ್ನು ಹಿಂದಕ್ಕೆ ಬಾಗಿಸಿ, ಎಡಗೈಯಲ್ಲಿ ರೆಪ್ಪೆ ಹಿಡಿದೆ. ಅವರು ಮೇಲೆ ನೋಡುತ್ತ, ಅನ್ಯಾಯಕ್ಕೊಳಗಾದವರ ದನಿಯಲ್ಲಿ ಕೇಳಿದರು:

"ಆ ಬ್ರೆಡ್ಡಿನವನು ಕೊನೆಗೆ ಸತ್ತನೋ ಇಲ್ವೋ, ಅಷ್ಟು ಹೇಳು. ಪೂರ್ತಿ ಹೇಳದೆ ಹೀಗೆ ಮೋಸ ಮಾಡಿದ್ರೆ ಹೇಗೆ?"

"ಮಾತಾಡಬೇಡಿ" ಎಂದೆ. "ಹನಿ ಬಾಯಿಗೆ ಬೀಳುತ್ತೆ."